ಯಾರೂ ಸಾಯದ ದಿನ ಹಾಕಿದ ಡೇರೆ

ನಮ್ಮ ಓಣಿಯ ಡೇರೆಯ ಬೀಗದಕೈ ಇಪ್ಪತ್ತಾರು ವರ್ಷದಿಂದ ನನ್ನ ಸೊಂಟದಲ್ಲಿದೆ. ನಮ್ಮ ಬೆಟ್ಟದೂರು ದೆಬ್ರೆ ಬಿರ್ಹಾನಿನ ಮೇಲಿನ ಪೇಟೆಯಲ್ಲಿ ಯಾರು ತೀರಿಕೊಂಡರೂ ಮೊದಲು ಪಾದ್ರಿಗೆ ಸುದ್ದಿ ಹೋಗುತ್ತದೆ, ಆಮೇಲೆ ಈ ಅಸ್ನಾಕೆಗೆ, ಎಂದರೆ ನನಗೆ. ನಾನು ಇದ್ದಿರ್‌ನ ಉಗ್ರಾಣ ತೆಗೆದು ಡೇರೆ, ಬೆಂಚು, ದೊಡ್ಡ ಹಂಡೆಗಳನ್ನು ಹೊರಗೆ ಹಾಕಿಸುತ್ತೇನೆ. ಇದ್ದಿರ್ ಎಂದರೆ ಓಣಿಯವರೇ ಕಟ್ಟಿಕೊಂಡ ಸಾವಿನ ಸಂಘ. ಒಂದು ಮನೆಯಲ್ಲಿ ಸಾವಾದರೆ ಆ ಮನೆಯವರು ಮೂರು ದಿನ ಒಲೆ ಹೊತ್ತಿಸಬೇಕಾಗಿಲ್ಲ, ಉಳಿದವರೆಲ್ಲ ನೋಡಿಕೊಳ್ಳುತ್ತಾರೆ.

ಡೇರೆಗೆ ಹತ್ತು ಗಂಟುಗಳಿವೆ. ಒಂಬತ್ತನ್ನು ಯಾವನು ಬೇಕಾದರೂ ಹಾಕಿಯಾನು. ನಡುಗಂಬದ ತುದಿಯ ಹತ್ತನೆಯದು ಮಾತ್ರ ನನಗೊಬ್ಬನಿಗೇ ಬರುತ್ತದೆ. ಅದು ಬಿಗಿಯಾಗದಿದ್ದರೆ ನಮ್ಮ ಬೆಟ್ಟದ ಗಾಳಿಗೆ ಡೇರೆ ನಿಲ್ಲುವುದಿಲ್ಲ. ಇದನ್ನು ನಾನು ಜಂಬಕ್ಕೆ ಹೇಳುತ್ತಿಲ್ಲ. ಇರಲಿ, ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ.

ಒಂದು ಸಂಜೆ ಮುಲಾತುವಿನ ಮಗಳು ಸೆಬ್ಲೆ ಉಗ್ರಾಣದ ಬಾಗಿಲಿಗೆ ಬಂದಳು. ವಯಸ್ಸು ಇಪ್ಪತ್ಮೂರು, ನರ್ಸ್ ಓದು ಮುಗಿಸುತ್ತಿದ್ದಳು. ಹಿಂದಿನ ಮಳೆಗಾಲದಲ್ಲಿ ಓಣಿಯ ಹುಡುಗ ಹುಡುಗಿಯರನ್ನು ಸೇರಿಸಿ ಚರಂಡಿ ತೋಡಿಸಿದವಳು ಇವಳೇ. ಆಗ ನಾವು ಹಿರಿಯರು ಬೆಂಚಿನ ಮೇಲೆ ಕೂತು ಅವರು ಸನಿಕೆ ಹಿಡಿಯುವ ರೀತಿ ಸರಿಯಿಲ್ಲ ಎಂದು ತಪ್ಪು ಹುಡುಕಿದ್ದೆವು.

"ಗಾಶೆ ಅಸ್ನಾಕೆ, ಒಂದು ಮಾತು ಕೇಳ್ಲಾ?" ಅಂದಳು. ಹಿರಿಯರನ್ನು ನಮ್ಮಲ್ಲಿ ಗಾಶೆ ಎಂದೇ ಕರೆಯುವುದು.

"ಬೇಡ ಅಂದ್ರೆ ಬಿಟ್ಟುಬಿಡ್ತೀಯಾ?"

"ಇಲ್ಲ."

"ಹಾಗಾದ್ರೆ ಕೇಳು."

"ಇಷ್ಟು ವರ್ಷದಲ್ಲಿ ಎಷ್ಟು ಜನಕ್ಕೆ ಡೇರೆ ಹಾಕಿದೀರಿ. ಅವರಲ್ಲಿ ಎಷ್ಟು ಜನ ಏನಾಗಿ ಸತ್ರು ಅಂತ ನಿಮಗೆ ಗೊತ್ತು?"

ಯಾರಿಗೆ ಯಾವ ಸಾಲಿನಲ್ಲಿ ಎಷ್ಟು ಬೆಂಚು ಹಾಕಿದ್ದೆ ಎಂಬುದು ನೆನಪಿದೆ. ಯಾವ ದಿನ ಮಳೆ ಬಂತು, ಯಾವ ದಿನ ಕಾಫಿ ಸಾಲದೆ ಹೋಯಿತು, ಎಲ್ಲ ನೆನಪಿದೆ. ಏನಾಗಿ ಹೋದರು ಎಂಬುದು ಮಾತ್ರ ತಿಳಿಯದು. ಅವಳ ಅಪ್ಪ ಮುಲಾತುವನ್ನೇ ತೆಗೆದುಕೊಳ್ಳಿ. ನಲವತ್ತೆಂಟು ವರ್ಷದ ಗಟ್ಟಿ ಆಳು. ಚೆನ್ನಾಗಿ ಉಂಡು ಮಲಗಿದ, ಬೆಳಗ್ಗೆ ಏಳಲಿಲ್ಲ. ದೇವರು ಕರೆದ ಅಂದೆವು, ಬೆಂಚು ಹಾಕಿದೆವು. ಹೂಳುವುದು ಎಷ್ಟು ಹೊತ್ತಿಗೆ ಎಂದು ಎಲ್ಲರೂ ಕೇಳಿದರು. ಏನಾಗಿತ್ತು ಎಂದು ಒಬ್ಬರೂ ಕೇಳಲಿಲ್ಲ.

"ಅಪ್ಪನಿಗೆ ಬಿಪಿ ಇತ್ತು ಅಂತ ನನಗೆ ಈಗ ಅನ್ನಿಸುತ್ತೆ," ಅಂದಳು ಸೆಬ್ಲೆ. "ರಟ್ಟೆಗೆ ಬಿಪಿ ಪಟ್ಟಿ ಕಟ್ಟಿ ನೋಡಿದ್ರೆ ಎರಡು ನಿಮಿಷದಲ್ಲಿ ಗೊತ್ತಾಗ್ತಿತ್ತು. ಆಸ್ಪತ್ರೆಗೆ ಬನ್ನಿ ಅಂದ್ರೆ ಈ ಓಣಿಯವರು ಬರಲ್ಲ. ಡೇರೆಗಾದ್ರೆ ಬರ್ತಾರೆ. ಒಂದು ದಿನ ಡೇರೆ ಕೊಡಿ, ಬದುಕಿರೋರಿಗೆ."

ಬೈದು ಕಳಿಸಬೇಕಿತ್ತು. ಆದರೆ ಆ ಪ್ರಶ್ನೆ ನನ್ನ ತಲೆಗೆ ಹೊಕ್ಕು ಕೂತಿತ್ತು. ಮಾರನೆಯ ದಿನದಿಂದ ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ, "ನಿಮ್ಮಣ್ಣ ಏನಾಗಿ ಸತ್ತ? ನಿಮ್ಮತ್ತೆಗೆ ಏನಾಗಿತ್ತು?" ಎಂದು ಕೇಳತೊಡಗಿದೆ. ಅಸ್ನಾಕೆಗೆ ತಲೆ ಕೆಟ್ಟಿದೆ ಎಂಬ ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತು. ತಲೆ ಕೆಟ್ಟಿರಲಿಲ್ಲ. ಬೆಳಗ್ಗೆ ಎದ್ದಾಗ ಹೆಡತಲೆ ಸಿಡಿಯುತ್ತಿತ್ತು, ಅಷ್ಟೆ. ಅದು ಕಂಬ ಹೊತ್ತ ನೋವು ಎಂದುಕೊಂಡಿದ್ದೆ.

ಭಾನುವಾರ ಚರ್ಚಿನಿಂದ ಬಂದ ಮೇಲೆ ಸಂಘದ ಸಭೆ ಸೇರಿತು. ಅಧ್ಯಕ್ಷ ಗಾಶೆ ಬೆಲಿಹು ಎಂಬತ್ತು ದಾಟಿದ ಮನುಷ್ಯ. ಸೆಬ್ಲೆಯ ಮಾತು ಮುಗಿಯುವ ಮೊದಲೇ ಅವನು ಕೋಲಿನಿಂದ ನೆಲ ಕುಟ್ಟಿದ.

"ಸಾವಿಲ್ಲದೆ ಡೇರೆ ಹಾಕೋದು ಅಂದ್ರೆ ಸಾವನ್ನ ಮನೆಗೆ ಕರೆದಂಗೆ. ಗೊತ್ತಾ ನಿನಗೆ?"

"ಕರೀದೆ ಇದ್ರೂ ಬರ್ತಿದೆಯಲ್ಲ, ಗಾಶೆ," ಅಂದಳು ಹುಡುಗಿ.

ಯಾರೋ ನಕ್ಕರು. ಬೆಲಿಹು ನಗಲಿಲ್ಲ. ಡೇರೆ ನೋಡಿಕೊಳ್ಳುವವನ ಅಭಿಪ್ರಾಯವೇನು ಎಂದು ನನ್ನನ್ನು ಕೇಳಿದ. ಹಾಕೋಣ ಅಂದೆ. ನನಗೆ ಒಳ್ಳೆಯ ಬುದ್ಧಿ ಬಂದಿತ್ತೆಂದು ತಿಳಿಯಬೇಡಿ. ನಮ್ಮ ಜನರ ರಟ್ಟೆಯೊಳಗೆ ಏನಿದೆಯೋ ನೋಡಿಬಿಡೋಣ ಎಂಬ ಕೆಟ್ಟ ಕುತೂಹಲ, ಅಷ್ಟೇ.

"ಒಂದು ಶನಿವಾರ, ಮಧ್ಯಾಹ್ನದ ತನಕ ಮಾತ್ರ," ಅಂದ ಬೆಲಿಹು. "ಬೆಂಚು ತುಂಬದೆ ಹೋದ್ರೆ ನೀನು ಮತ್ತೆ ಈ ಡೇರೆ ಹೆಸರೆತ್ತಬಾರದು."

ಸೆಬ್ಲೆ ಒಂದು ವಾರ ಮನೆ ಮನೆ ತಿರುಗಿದಳು. ಎಲ್ಲರೂ ಆಗಲಿ ಮಗಳೇ, ಬರ್ತೀವಿ ಅಂದರು. ನಮ್ಮವರು ಬರುವುದಿಲ್ಲ ಎಂಬುದನ್ನು ಹೇಳುವ ರೀತಿಯೇ ಅದು.

ಶನಿವಾರ ಬೆಳಗ್ಗೆ ನಾನು ಡೇರೆ ಎತ್ತಿದೆ, ಹತ್ತನೆಯ ಗಂಟು ಬಿಗಿದೆ, ಇಪ್ಪತ್ತು ಬೆಂಚು ಹಾಕಿದೆ. ಸೆಬ್ಲೆ ಇಬ್ಬರು ಗೆಳತಿಯರ ಜೊತೆ ಮೇಜಿನ ಮುಂದೆ ಕೂತಳು. ಬಿಸಿಲೇರಿತು. ಒಂದು ನಾಯಿ ಬಂದು ಬೆಂಚಿನ ಕೆಳಗೆ ಮಲಗಿತು, ಬೇರಾರೂ ಬರಲಿಲ್ಲ. ಹುಡುಗಿ ಪಟ್ಟಿಯನ್ನು ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಆಗ ಮೇಲಿನ ರಸ್ತೆಯಿಂದ ಗೋಳು ಕೇಳಿಸಿತು.

ದಿಂಕೆ ಅಜ್ಜಿ ಬರುತ್ತಿದ್ದಳು. ಅವಳು ಅಳದ ಸಾವು ನಮ್ಮ ಪೇಟೆಯಲ್ಲಿ ಸಾವೇ ಅಲ್ಲ. ಸಂತೆಯಲ್ಲಿ ಈರುಳ್ಳಿ ಆರಿಸುತ್ತಿದ್ದವಳಿಗೆ ಡೇರೆಯ ತುದಿ ಕಂಡಿದೆ, ಸೆಬ್ಲೆ ಬಂದು ಕರೆದದ್ದು ಮರೆತೇ ಹೋಗಿದೆ. ಈರುಳ್ಳಿಯನ್ನು ಅಲ್ಲೇ ಬಿಟ್ಟು, ಬಿಳಿ ಶಾಲಿನ ಬಣ್ಣದ ಅಂಚನ್ನು ಸಾವಿನ ಮನೆಗೆ ಹೊದೆಯುವಂತೆ ಕತ್ತಿಗೆ ತಿರುಗಿಸಿ, ಎದೆ ಬಡಿದುಕೊಳ್ಳುತ್ತ ಓಡಿ ಬಂದಿದ್ದಾಳೆ. ಅವಳ ಹಿಂದೆ ಸಂತೆಯ ಅರ್ಧ ಹೆಂಗಸರು, ಅವರ ಹಿಂದೆ ಕೆಳಗಿನ ಓಣಿಯ ಗಂಡಸರು ಬಂದರು. ಯಾರದೋ ತಲೆಯ ಮೇಲೆ, ಸಾವಿನ ಮನೆಗೆ ಒಯ್ಯುವ ಬೇಯಿಸಿದ ಗೋಧಿ, ಕಡಲೆಯ ಪಾತ್ರೆಯೂ ಬಂತು. ಅಷ್ಟು ಬೇಗ ಯಾವಾಗ ಬೇಯಿಸಿದರೋ ಆ ದೇವರೇ ಬಲ್ಲ.

"ಯಾರಂತೆ?" ಎಂದು ಕೆಳ ಓಣಿಯವನೊಬ್ಬ ಕಣ್ಣೊರೆಸಿಕೊಳ್ಳುತ್ತ ಪಕ್ಕದವನನ್ನು ಕೇಳಿದ.

"ಗೊತ್ತಿಲ್ಲ ಕಣಯ್ಯ. ಮೊದಲು ಅಳು, ಆಮೇಲೆ ಕೇಳೋಣ."

ಇನ್ಯಾರೋ, "ಇನ್ಯಾರು, ಬೆಲಿಹುನೇ ಇರ್ಬೇಕು, ವಯಸ್ಸಾಗಿತ್ತಲ್ಲ," ಅಂದರು. ಅಷ್ಟು ಸಿಕ್ಕಿದ್ದೇ ತಡ, ದಿಂಕೆ ಅಜ್ಜಿ ರಾಗ ಎತ್ತಿದಳು. "ಅಯ್ಯೋ ಬೆಲಿಹು, ನಮ್ಮ ಓಣಿಯ ದಣಿಯೇ, ಜೇನಿನಂಥ ಮಾತಿನವನೇ, ಯಾರ ಕೈಗೆ ಕೊಟ್ಟು ಹೋದೆಯೋ ನಮ್ಮನ್ನ!"

ಅವಳ ಬೆನ್ನ ಹಿಂದೆಯೇ ಕೋಲೂರಿಕೊಂಡು ಬೆಲಿಹು ನಿಂತಿದ್ದ. ಬೆಂಚು ತುಂಬಿಲ್ಲ ಎಂದು ನೋಡಿ ಖುಷಿಪಡಲು ಬಂದವನು.

"ಜೇನಿನಂಥ ಮಾತಾ? ಬದುಕಿರೋವಾಗ ಒಂದು ದಿನ ಹಿಂಗಂದಿದ್ಯೇನೇ?"

ದಿಂಕೆ ಅಜ್ಜಿ ತಿರುಗಿ ನೋಡಿ ಕಿಟಾರನೆ ಕಿರುಚಿದಳು. ಆಮೇಲೆ ವಿಷಯ ತಿಳಿದು, "ಥೂ, ಸುಮ್ಮನೆ ಇಷ್ಟೊಂದು ಅತ್ತೆನಲ್ಲ," ಎಂದು ಮೂಗೊರೆಸಿಕೊಂಡಳು. ಜನ ಮೊದಲು ನಕ್ಕರು, ಆಮೇಲೆ ಸಿಟ್ಟಾದರು. ನಮ್ಮಲ್ಲಿ ಸುಳ್ಳು ಅಳು ಅಪಶಕುನ. ಒಬ್ಬೊಬ್ಬರೇ ಹೊರಡತೊಡಗಿದರು.

"ಕೀಳೋ ಡೇರೆನ," ಎಂದು ಬೆಲಿಹು ನನ್ನ ಮೇಲೆ ಹಾರಿದ. "ನೋಡು, ನನ್ನನ್ನೇ ಸಾಯಿಸಿಬಿಟ್ರು! ಯಾರೂ ಸಾಯದೆ ಇದ್ಮೇಲೆ ಇದ್ಯಾಕೆ?"

ಸೆಬ್ಲೆ ಎದ್ದು ನಿಂತಳು.

"ಸತ್ತಿದಾರೆ, ಗಾಶೆ. ನಮ್ಮಪ್ಪ. ಹೋದ ವರ್ಷ. ನೀವೆಲ್ಲ ಇದೇ ಬೆಂಚಿನ ಮೇಲೆ ಮೂರು ದಿನ ಕೂತಿದ್ರಿ. ಏನಾಗಿತ್ತು ಅಂತ ಯಾರೂ ಕೇಳಲಿಲ್ಲ. ಇವತ್ತು ನಾನು ಕೇಳ್ತಿದೀನಿ."

ಹೊರಟವರು ನಿಂತರು. ಆದರೆ ಜನರ ಕಾಲು ಇನ್ನೂ ಹೊರಗಡೆಗೇ ಇತ್ತು. ನನಗೆ ಎಲ್ಲಿಂದಲೋ ಕೋಪ ಉಕ್ಕಿತು. ಬೆಲಿಹುವಿನ ಮೇಲಲ್ಲ, ಮುಲಾತುವಿಗೆ ಬೆಂಚು ಹಾಕಿ ಸುಮ್ಮನಿದ್ದ ನನ್ನ ಮೇಲೆಯೇ.

"ಯಾರೂ ಹೋಗಂಗಿಲ್ಲ!" ಅಂದೆ. "ಡೇರೆಯೊಳಗೆ ಕಾಲಿಟ್ಟವರು ಕೂರದೆ ಹೋದ್ರೆ ಸತ್ತವರ ಮನೆಗೆ ಅವಮಾನ. ಈ ನಿಯಮ ಮಾಡಿದ್ದು ಯಾರು, ಗಾಶೆ ಬೆಲಿಹು?"

ಅವನು ನನ್ನನ್ನು ದುರುಗುಟ್ಟಿ ನೋಡಿದ. ನಿಯಮ ಮಾಡಿದವನು ಅವನೇ. ಡೇರೆ ನಿಂತಿರುವಷ್ಟು ಹೊತ್ತು ಅಲ್ಲಿ ಅಧ್ಯಕ್ಷನಿಗಿಂತ ನನ್ನ ಮಾತು ಮೇಲು ಎಂದು ಗೊತ್ತುಮಾಡಿದವನೂ ಅವನೇ. ಗೊಣಗುತ್ತ ಮೊದಲ ಬೆಂಚಿನಲ್ಲಿ ಕೂತ. ಅವನು ಕೂತ ಮೇಲೆ ಉಳಿದವರು ನಿಲ್ಲುವಂತಿರಲಿಲ್ಲ.

ಆಮೇಲೆ ನಡೆದದ್ದನ್ನು ನೋಡಬೇಕಿತ್ತು. ಪಟ್ಟಿ ಕಟ್ಟಿಸಿಕೊಂಡವರು ಒಂದು ಬೆಂಚಿಗೆ, ಕಾಯುವವರು ಇನ್ನೊಂದಕ್ಕೆ ಹೋದರು. ಬೇಯಿಸಿದ ಕಡಲೆ ಕೈಯಿಂದ ಕೈಗೆ ಓಡಾಡಿತು. ನಿನಗೆಷ್ಟು, ನನಗಿಷ್ಟು ಎಂದು ಜನ ಸಂತೆಯ ಧಾರಣೆಯಂತೆ ಕೂಗಿ ಹೇಳಿಕೊಂಡರು. ಬೆಲಿಹುವಿಗೆ ನೂರಿಪ್ಪತ್ತು ಬಂತು. "ಹುಡುಗನ ರಕ್ತ ನಂದು!" ಎಂದು ತೋಳು ಎತ್ತಿ ಎಲ್ಲರಿಗೂ ತೋರಿಸಿಕೊಂಡು ಬಂದ. ದಿಂಕೆ ಅಜ್ಜಿಗೆ ಸ್ವಲ್ಪ ಹೆಚ್ಚಿತ್ತು. ಉಪ್ಪು ಕಡಿಮೆ ಮಾಡಿ ಅಂದಾಗ, ಅದಕ್ಕಿಂತ ಸಾಯೋದೇ ವಾಸಿ ಅಂದಳು. ಹನ್ನೊಂದು ಜನರಿಗೆ ಸೆಬ್ಲೆ ಸೋಮವಾರ ಬೆಳಗ್ಗೆ ತನ್ನ ಜೊತೆ ಆಸ್ಪತ್ರೆಗೆ ಬರಲೇಬೇಕು ಎಂದು ಚೀಟಿ ಬರೆದುಕೊಟ್ಟಳು. ಮಧ್ಯಾಹ್ನ ದಾಟಿತು, ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ಗಂಟು ಬಿಚ್ಚಲು ಏಣಿ ತಂದೆ.

"ಗಾಶೆ, ನಿಮ್ಮದೊಂದು ಉಳಿದಿದೆ," ಅಂದಳು ಸೆಬ್ಲೆ.

"ನನಗೇನಾಗಿದೆ? ನಾನು ಡೇರೆ ಹಾಕೋನು."

"ಕೂತ್ಕೊಳ್ಳಿ. ಡೇರೆಯೊಳಗೆ ಬಂದವರು ಕೂರದೆ ಹೋಗಂಗಿಲ್ಲವಂತೆ."

ಕೂತೆ. ಪಟ್ಟಿ ರಟ್ಟೆಯನ್ನು ಹಿಂಡಿತು. ಅವಳು ಒಂದು ಸಲ ನೋಡಿದಳು, ಇನ್ನೊಂದು ಸಲ ಕಟ್ಟಿದಳು, ಇನ್ನೊಂದು ತೋಳಿಗೂ ಕಟ್ಟಿದಳು. ಇನ್ನೂರ ಹತ್ತು. ಹೆಡತಲೆ ನೋಯುತ್ತಾ ಎಂದು ಕೇಳಿದಳು. ಕಂಬ ಹೊತ್ತದ್ದಕ್ಕೆ ಅಂದೆ. ಅಪ್ಪನೂ ಹಾಗೇ ಅಂತಿದ್ದ ಎಂದಳು, ಸನಿಕೆ ಹಿಡಿದಿದ್ದಕ್ಕೆ ಅಂತ.

ನನಗೆ ಭಯವಾಯಿತು. ಇಪ್ಪತ್ತಾರು ವರ್ಷ ಸಾವಿನ ಜೊತೆ ಬೆಂಚು ಹೊತ್ತವನಿಗೆ ಮೊದಲ ಸಲ ಭಯವಾಯಿತು. ಅದನ್ನು ಮುಚ್ಚಲು ನಕ್ಕೆ. "ನಾನು ಹೋದ್ರೆ ನನಗೆ ಡೇರೆ ಯಾರು ಹಾಕ್ತಾರೋ, ಪಾಪ," ಅಂದೆ.

"ಅದೇ ನೋಡಿ. ನಮಗ್ಯಾರಿಗೂ ಆ ಹತ್ತನೇ ಗಂಟು ಬರಲ್ಲ," ಎಂದಳು. ಅವಳು ನಗಲಿಲ್ಲ. ನಾನು ತಂದಿದ್ದ ಏಣಿಯನ್ನು ಎತ್ತಿ ಉಗ್ರಾಣದ ಗೋಡೆಗೆ ಒರಗಿಸಿದಳು. ಆ ದಿನವೇ ನನ್ನನ್ನು ಆಸ್ಪತ್ರೆಗೆ ಕರೆದೊಯ್ದಳು.

ಈಗ ಪ್ರತಿ ತಿಂಗಳ ಮೊದಲ ಶನಿವಾರ ಡೇರೆ ಏಳುತ್ತದೆ. ಸಾವಲ್ಲ ಎಂದು ಗೊತ್ತಾಗಲು ಕಂಬಕ್ಕೆ ಹಸಿರು ಬಟ್ಟೆ ಕಟ್ಟುತ್ತೇವೆ. ಅದನ್ನು ಕಟ್ಟಲೇಬೇಕೆಂದು ಹಟ ಹಿಡಿದವನು ಬೆಲಿಹು. ನಾನು ದಿನಾ ಬೆಳಗ್ಗೆ ಕಾಫಿಗೆ ಮೊದಲು ಒಂದು ಮಾತ್ರೆ ನುಂಗುತ್ತೇನೆ. ಗಂಟು ಕಲಿಸಿಕೊಡಿ ಎಂದು ಸೆಬ್ಲೆ ಪ್ರತಿ ಸಲ ದುಂಬಾಲು ಬೀಳುತ್ತಾಳೆ. ಒಂಬತ್ತನ್ನು ಕಲಿಸಿದ್ದೇನೆ. ಹತ್ತನೆಯದನ್ನು ಕೇಳಿದಾಗಲೆಲ್ಲ ಮುಂದಿನ ತಿಂಗಳು ನೋಡೋಣ ಅನ್ನುತ್ತೇನೆ. ಅವಳೂ ಆಗಲಿ ಅಂದು, ನನ್ನ ರಟ್ಟೆಗೆ ಪಟ್ಟಿ ಕಟ್ಟುತ್ತಾಳೆ.