ಬೇಲಿ ಹಾರುವ ವಂಶ

ಜಟ್ಟಪ್ಪನ ಕೊಟ್ಟಿಗೆಯಲ್ಲಿ ದನ ಇಲ್ಲದೆ ಎರಡು ವರ್ಷವಾಗಿತ್ತು. ಮಂಡಿ ಹಿಡಿದುಕೊಂಡು ಗುಡ್ಡ ಹತ್ತಲಾಗದೆ, ಉಳಿದಿದ್ದ ಕೊನೆಯ ಮೂರನ್ನೂ ಬೇಕೆಂದವರಿಗೆ ಕೊಟ್ಟುಬಿಟ್ಟಿದ್ದ. ಸೊಸೆ ಭಾಗ್ಯ ಆ ಜಾಗದಲ್ಲಿ ಸೌದೆ ಒಟ್ಟಿ, ಪಕ್ಕದಲ್ಲಿ ತನ್ನ ಸ್ಕೂಟರ್ ನಿಲ್ಲಿಸುತ್ತಿದ್ದಳು. ಹೀಗಿರುವಾಗ ಒಂದು ಬೆಳಿಗ್ಗೆ ಬಸರೀಕಟ್ಟೆ ಕಡೆಯ ಕಾಫಿ ತೋಟದ ಲೆಕ್ಕ ಬರೆಯುವ ರೈಟರು ಯೋಗೇಂದ್ರ ಅಂಗಳಕ್ಕೆ ಜೀಪು ತಂದು, ಇಳಿಯದೆಯೇ ಕೂಗಿದ:

"ಜಟ್ಟಪ್ಪಾ, ನಿನ್ನ ದನ ನಮ್ಮ ನರ್ಸರಿಗೆ ನುಗ್ಗಿದೆ. ಬಂದು ಹಿಡ್ಕೊಂಡು ಹೋಗು ಮಾರಾಯ."

"ನನ್ನ ಹತ್ರ ಈಗ ದನದ ಬಾಲವೂ ಇಲ್ಲ ಕಣೋ."

"ಅದು ನಂಗೂ ಗೊತ್ತು. ಆದ್ರೆ ಎದೆಮಟ್ಟದ ತಂತಿಬೇಲಿ ಹಾರಿ ಒಳಗೆ ಬಂದಿದೆ. ಈ ಸೀಮೆಯಲ್ಲಿ ಹಾಗೆ ಹಾರೂದು ಯಾರ ದನ, ನೀನೇ ಹೇಳು."

ಜಟ್ಟಪ್ಪ ಅಂಗಿ ಸಿಕ್ಕಿಸಿಕೊಂಡು, ಗೂಟದಲ್ಲಿ ನೇತಾಡುತ್ತಿದ್ದ ಹಳೆಯ ಹಗ್ಗ ತೆಗೆದುಕೊಂಡು ಜೀಪು ಹತ್ತಿದ. ತನ್ನದಲ್ಲದ ದನಕ್ಕಾಗಿ ಬೈಸಿಕೊಳ್ಳಲು ಇಷ್ಟು ಗಡಿಬಿಡಿಯಿಂದ ಹೊರಟವನು ತಾನೊಬ್ಬನೇ ಇರಬೇಕು ಎಂದು ದಾರಿಯಲ್ಲಿ ಅವನಿಗೇ ನಗು ಬಂತು.

ಜಟ್ಟಪ್ಪ ಹುಟ್ಟಿದ್ದು ತೋಟದ ಲೈನುಮನೆಯಲ್ಲಿ, ಬದುಕಿದ್ದು ತೋಟದ ಕೂಲಿಯಲ್ಲಿ. ಆದರೆ ಕಸುಬು ಏನೆಂದು ಯಾರೇ ಕೇಳಲಿ, "ದನ ಸಾಕೂದು" ಎಂದೇ ಹೇಳುತ್ತಿದ್ದ. ಮದುವೆಯಲ್ಲಿ ಹೆಂಡತಿ ಸೀತಕ್ಕನ ತವರಿನವರು ಕೊಟ್ಟ ಒಂದು ಕಪ್ಪು ಕರುವಿನಿಂದ ಶುರುವಾದದ್ದು ಅವನ ಮಂದೆ. ಎಲ್ಲ ಮಲೆನಾಡು ಗಿಡ್ಡ. ಸೊಂಟದ ಎತ್ತರ, ಹೊತ್ತಿಗೆ ಎರಡು ಲೋಟ ಹಾಲು, ಅದೂ ದನಕ್ಕೆ ಮನಸ್ಸಿದ್ದರೆ. ಬೆಳಿಗ್ಗೆ ಗುಡ್ಡಕ್ಕೆ ಅಟ್ಟಿದರೆ ಸಂಜೆ ತಾವಾಗಿ ಬರುತ್ತಿದ್ದವು. ಬಾರದೇ ಹೋದರೆ ಯಾರದೋ ಗದ್ದೆಯಲ್ಲೋ ತೋಟದಲ್ಲೋ ಇವೆ ಎಂದೇ ಅರ್ಥ.

ಒಳ್ಳೆಯ ತಳಿ ಮಾಡಬೇಕೆಂಬ ಹುಚ್ಚು ಅವನಿಗಿತ್ತು. ಪ್ರತಿ ಬೇಸಿಗೆಯಲ್ಲಿ ಕರುಗಳನ್ನು ನಿಲ್ಲಿಸಿ, ಬೆನ್ನು ಸವರಿ, ಬಾಲ ಎತ್ತಿ, ದೊಡ್ಡ ಪಂಡಿತನಂತೆ ಪರೀಕ್ಷೆ ಮಾಡುತ್ತಿದ್ದ. ಹುಲ್ಲು ಒಣಗಿ ನೆಲ ಕೆಂಪಾದ ದಿನಗಳಲ್ಲೂ ಯಾವುದರ ಮೈ ಮಿರಮಿರ ಮಿಂಚುತ್ತದೋ ಅದನ್ನು ಇಟ್ಟುಕೊಳ್ಳುವುದು, ಬಡಕಲಾದದ್ದನ್ನು ಕೊಡುವುದು. ಹೀಗೆ ಆರಿಸಿ ಆರಿಸಿ ಮಂದೆ ಬೆಳೆಸಿದ. ಬೇಸಿಗೆಯಲ್ಲಿ ಮಿಂಚುತ್ತಿದ್ದದ್ದು ಬೇರೆಯವರ ತೋಟ ಮೇದು ಬಂದ ಮೈ ಎಂದು ತಲೆಗೆ ಹೊಳೆಯುವಷ್ಟರಲ್ಲಿ ಅವನ ಕೂದಲು ನರೆತಿತ್ತು. ಹೇಳಿದಲ್ಲಿ ಮೇಯ್ದು, ಸಿಕ್ಕಿದ್ದನ್ನು ತಿಂದು ಸೊರಗಿದ ಸಾಧುಗಳನ್ನೆಲ್ಲ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂದು ಮೂರು ತಾಲೂಕಿಗೆ ಹಂಚಿ, ಕಳ್ಳರನ್ನು ಮಾತ್ರ ಮನೆಯಲ್ಲಿ ಉಳಿಸಿಕೊಂಡಿದ್ದ. ಮಿಂಚಿ ತಂತಿಯ ಕೆಳಗೆ ತೂರುತ್ತಿತ್ತು. ಕೊಂಬಿ ಗದ್ದೆಯ ಬೇಲಿಬಾಯಿಗೆ ಅಡ್ಡಹಾಕಿದ ದಣಪೆಯ ಗಳುಗಳನ್ನು ಒಂದೊಂದಾಗಿ ಕೊಂಬಿನಿಂದ ಸರಿಸಿ, ಹಿಂದೆ ಬಂದವರಿಗೂ ದಾರಿ ಮಾಡಿಕೊಡುತ್ತಿತ್ತು. ಕಾಳಿಗೆ ಬೇಲಿ ಎಂಬುದು ಕಣ್ಣಿಗೇ ಬೀಳುತ್ತಿರಲಿಲ್ಲ.

ಹೀಗಾಗಿ ಜಟ್ಟಪ್ಪನಿಗೆ ಇನ್ನೊಂದು ಕಸುಬು ಕೈಹತ್ತಿತು. ತಪ್ಪಾಯ್ತು ಎನ್ನುವುದು. ಗದ್ದೆಯವರ ಹತ್ತಿರ ಹೇಗೆ ತಲೆ ತಗ್ಗಿಸಬೇಕು, ಅಡಿಕೆ ತೋಟದವರ ಜಗಲಿಯ ಕೆಳಗೆ ಎಷ್ಟು ದೂರದಲ್ಲಿ ನಿಂತರೆ ಅವರ ಸಿಟ್ಟು ಬೇಗ ಇಳಿಯುತ್ತದೆ ಎಲ್ಲ ಅವನಿಗೆ ಬಾಯಿಪಾಠ. ವಿಚಿತ್ರವೆಂದರೆ ಅವನು ಮಾತ್ರ ಜೀವಮಾನದಲ್ಲಿ ಒಂದು ಬೇಲಿ ದಾಟಿದವನಲ್ಲ. ಮುಚ್ಚಿದ ದಣಪೆ ಕಂಡರೆ ಸುತ್ತು ಬಳಸಿ ಹೋಗುವ ಆಸಾಮಿ. "ನಿಮ್ಮ ಪಾಲಿಂದೂ ಸೇರಿಸಿ ದನಗಳೇ ಹಾರ್ತಾವೆ ಬಿಡಿ" ಎಂದು ಸೀತಕ್ಕ ಬದುಕಿರುವಾಗ ನಗುತ್ತಿದ್ದಳು.

ನರ್ಸರಿಯಲ್ಲಿ ತೋಟದ ಮ್ಯಾನೇಜರ್ ಅಭಿಷೇಕ ಕಾಯುತ್ತಿದ್ದ. ಕೆಲಸಕ್ಕೆ ಬಂದು ವರ್ಷ ತುಂಬದ ಹುಡುಗ. ಕಾಫಿ ಸಸಿಗಳ ಚೀಲಗಳು ಒಂದಷ್ಟು ಉರುಳಿದ್ದವು. ನೆರಳಿನ ಹಸಿರು ಬಲೆಯ ಕೆಳಗೆ ಒಂದು ಕೆಂದು ಬಣ್ಣದ ಗಿಡ್ಡ ದನ ತಣ್ಣಗೆ ನಿಂತು ಮೆಲುಕು ಹಾಕುತ್ತಿತ್ತು. ಅದರ ಎಡಗೊಂಬು ಕಿವಿಯ ಕಡೆಗೆ ಬಾಗಿತ್ತು. ಜಟ್ಟಪ್ಪ ಬಗ್ಗಿ ನೋಡಿದ. ಆ ಕೊಂಬು ಅವನ ಮಂದೆಯದ್ದೇ.

"ತಪ್ಪಾಯ್ತು ಸರ್," ಕೈ ಆಗಲೇ ಮುಗಿದುಕೊಂಡಿತ್ತು. "ಮೂಕಪ್ರಾಣಿ. ದೊಡ್ಡ ಮನಸ್ಸು ಮಾಡ್ಬೇಕು. ಇನ್ನು ಹೀಗಾಗದ ಹಾಗೆ ನೋಡ್ಕೊಳ್ತೇನೆ."

"ದನ ನಿಂದಲ್ಲ ಅಂದಿದ್ಯಲ್ಲ?" ಯೋಗೇಂದ್ರ ಕಿವಿಯಲ್ಲಿ ಕೇಳಿದ.

"ಅಭ್ಯಾಸ ಮಾರಾಯ. ಬಾಯಿಗೆ ಬಂದ್ಬಿಡ್ತದೆ."

"ಹಿಡೀರಿ ಮತ್ತೆ," ಎಂದ ಅಭಿಷೇಕ. "ದನಗಳು ನಿಮ್ಮ ಮಾತು ಕೇಳ್ತವಂತೆ."

ಕೆಲಸದವರೆಲ್ಲ ಸಸಿ ಬಿಟ್ಟು ನೋಡತೊಡಗಿದರು. ಜಟ್ಟಪ್ಪ ಗಂಟಲು ಸರಿಮಾಡಿಕೊಂಡು, ಐವತ್ತು ವರ್ಷ ಗುಡ್ಡಗಳಲ್ಲಿ ಪಳಗಿದ ದನಿಯಲ್ಲಿ "ಬಾ… ಬಾ… ಬಾ…" ಎಂದು ಕರೆದ. ದನ ಕಿವಿ ಎತ್ತಿತು. ಅವನನ್ನು ಮೇಲಿಂದ ಕೆಳಗೆ ನೋಡಿತು. ಮತ್ತೆ ಮೆಲುಕು ಹಾಕತೊಡಗಿತು. ಅವನು ಹಗ್ಗ ಹಿಡಿದು ಹತ್ತಿರ ಹೋಗಿ ಕೊಂಬಿಗೆ ಕೈ ಚಾಚಿದ. ದನ ಮರ್ಯಾದೆಯಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿತು, ಅಷ್ಟೇ. ಜಟ್ಟಪ್ಪ ಆಸರೆ ತಪ್ಪಿ, ಚೀಲ ತುಂಬಲು ಕಲೆಸಿಟ್ಟಿದ್ದ ಗೊಬ್ಬರಮಣ್ಣಿನ ರಾಶಿಯಲ್ಲಿ ಕುಕ್ಕರಿಸಿದ. ನಗಬೇಕೋ ಬೇಡವೋ ಎಂದು ಉಳಿದವರು ಯೋಚಿಸುತ್ತಿರುವಾಗ ಮೊದಲು ನಕ್ಕವನು ಅವನೇ.

ಅಷ್ಟರಲ್ಲಿ ಅಕ್ಕಿ ತೊಳೆದ ನೀರಿನ ಬಕೆಟ್ ಹಿಡಿದು ಒಬ್ಬ ಹೆಂಗಸು ಬಿರಬಿರನೆ ಬಂದಳು. ಕೆಳಗಿನ ಕಾಲೊನಿಯ ಪವಿತ್ರಾ. "ನಮ್ಮ ದನ," ಎಂದು ಬಕೆಟ್ ಕೆಳಗಿಟ್ಟಳು. ದನ ತಾನಾಗಿ ಬಂದು ಬಕೆಟ್ಟಿಗೆ ಮೂತಿ ಹಾಕಿತು.

"ಬೇಲಿ ಹಾರಿ ಬಂದು ಸಸಿ ಹಾಳು ಮಾಡಿದೆ. ಇದಕ್ಕೆ ಎಂತ ಹೇಳ್ತೀರಿ?" ಅಭಿಷೇಕ ಜೋರು ಮಾಡಿದ.

ಜಟ್ಟಪ್ಪ ಮಣ್ಣಿನಲ್ಲಿ ಕೂತಲ್ಲಿಂದಲೇ ಅವಳ ಪರವಾಗಿ ಕೈ ಮುಗಿಯಲು ಹೊರಟ. ಪವಿತ್ರಾ ತಿರುಗಿಯೂ ನೋಡಲಿಲ್ಲ.

"ಇದು ಬೇಲಿ ಹಾರೂದಿಲ್ಲ ಸರ್. ಬನ್ನಿ ತೋರಿಸ್ತೀನಿ."

ಅವಳು ಮ್ಯಾನೇಜರನ್ನು ರಸ್ತೆಯ ಕಡೆ ಕರೆದುಕೊಂಡು ಹೋದಳು. ಯೋಗೇಂದ್ರನೂ, ಮಣ್ಣಿನಿಂದ ಎದ್ದ ಜಟ್ಟಪ್ಪನೂ ಹಿಂದೆ ನಡೆದರು. ನರ್ಸರಿಯ ಗೇಟು ಪೂರ್ತಿ ತೆರೆದುಕೊಂಡಿತ್ತು. ಹಸಿ ಮಣ್ಣಿನಲ್ಲಿ ಜೀಪಿನ ಗಾಲಿಯ ಗುರುತು, ಅದರ ಮೇಲೆ ಸಾಲಾಗಿ ಗೊರಸಿನ ಗುರುತು. ಯೋಗೇಂದ್ರ ಆಕಾಶ ನೋಡತೊಡಗಿದ.

"ಗೇಟು ತೆಗೆದಿಟ್ಟು ದನಕ್ಕೆ ಬೈದ್ರೆ ಹೆಂಗೆ? ಮನುಷ್ಯರಾದ್ರೂ ಒಳಗೆ ಬರ್ತಿದ್ರು," ಎಂದಳು ಪವಿತ್ರಾ.

ಅಭಿಷೇಕ ಒಮ್ಮೆ ಗುರುತು ನೋಡಿದ, ಒಮ್ಮೆ ಯೋಗೇಂದ್ರನನ್ನು ನೋಡಿದ. "ಸರಿ, ಹೊಡ್ಕೊಂಡು ಹೋಗಿ," ಎಂದು ಒಳಗೆ ನಡೆದ.

ಜಟ್ಟಪ್ಪನ ಮುಖ ಮಾತ್ರ ಬಾಡಿತು. "ಗೇಟಿಂದ ಬಂದದ್ದಾ?" ಎಂದು ಕೇಳಿದ. ಹಾರಿ ಬಂದಿದ್ದರೆ ತನಗೇ ಒಳಗೊಳಗೆ ಖುಷಿಯಾಗುತ್ತಿತ್ತು ಎಂದು ಗೊತ್ತಾಗಿ ನಾಚಿಕೆಯಾಯಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಇಷ್ಟು ವರ್ಷ ಎಷ್ಟೋ ಜಗಲಿಗಳ ಕೆಳಗೆ ನಿಂತು ತಪ್ಪಾಯ್ತು ಎಂದಿದ್ದನಲ್ಲ, ಒಮ್ಮೆಯಾದರೂ ಗೇಟು ಹೇಗಿತ್ತು ಎಂದು ತಿರುಗಿ ನೋಡಿದ್ದನೇ?

ದನವನ್ನು ಮುಂದೆ ಬಿಟ್ಟು ಇಬ್ಬರೂ ಇಳಿಜಾರಿನಲ್ಲಿ ನಡೆದರು.

"ನೀವ್ಯಾಕೆ ಅಜ್ಜಾ ಕೈ ಮುಗಿದ್ರಿ?"

"ನಾನೆಲ್ಲಿ ಮುಗಿದೆ ಮಗಾ? ಅದು ತಾನೇ ಹೋಗಿ ಸೇರ್ಕೊಳ್ತದೆ. ಅದಿರಲಿ, ಈ ದನ ಎಲ್ಲಿಂದು?"

"ಶೃಂಗೇರಿ ಕಡೆ ನೆಮ್ಮಾರಲ್ಲಿ ನಮ್ಮ ಚಿಕ್ಕಮ್ಮ ಇದ್ದಾಳೆ, ತುಂಗಮ್ಮ ಅಂತ. ಅವಳು ಕೊಟ್ಟದ್ದು. ಇದರ ಅಜ್ಜಿಯನ್ನ ಅವಳು ನಿಮ್ಮ ಹತ್ರಾನೇ ತಗೊಂಡಿದ್ದಂತೆ. ತುಂಬ ಸಾಧು ಜಾತಿ ಅಜ್ಜಾ. ಅಲ್ಲಿ ನಾಲ್ಕು ಮನೆಯವರು ಇದನ್ನೇ ಸಾಕೂದು. ಜಟ್ಟಪ್ಪನ ದನ ಅಂತಾನೇ ಹೇಳ್ತಾರೆ."

ಜಟ್ಟಪ್ಪ ನಿಂತುಬಿಟ್ಟ. "ಸಾಧು ಅಂತಾರಾ?"

"ಹೂಂ ಮತ್ತೆ. ಯಾಕೆ?"

"ಎಂತದೂ ಇಲ್ಲ. ಮಂಡಿ ಹಿಡ್ಕೊಂಡ್ತು," ಎಂದ.

ಸಂಜೆ ಭಾಗ್ಯ ಕೆಲಸದಿಂದ ಬಂದಾಗ ಅವನ ಪಂಚೆಯ ಹಿಂಭಾಗ ನೋಡಿ, "ಇದೆಂತ ಮಾವ?" ಎಂದಳು. ಅವನು ಮಣ್ಣಿನಲ್ಲಿ ಬಿದ್ದದ್ದರಿಂದ ಶುರುಮಾಡಿ ಎಲ್ಲ ಹೇಳಿದ. ನೆಮ್ಮಾರಿನ ಸುದ್ದಿಯನ್ನು ಕೊನೆಯಲ್ಲಿ, ಏನೂ ದೊಡ್ಡದಲ್ಲ ಎಂಬ ಹಾಗೆ ಸೇರಿಸಿದ. ಭಾಗ್ಯ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಭಾನುವಾರ ಬೆಳಿಗ್ಗೆ ಕೊಟ್ಟಿಗೆಯಿಂದ ಸ್ಕೂಟರ್ ಹೊರಗೆ ತಂದು, "ಹತ್ತಿ ಮಾವ, ನೋಡ್ಕೊಂಡು ಬರುವ," ಎಂದಳು.

ತುಂಗಮ್ಮ ಗಟ್ಟಿಗಿತ್ತಿ ಮುದುಕಿ. ಇವರು ಯಾರೆಂದು ತಿಳಿದದ್ದೇ ನೇರ ಗದ್ದೆಯ ಅಂಚಿಗೆ ಕರೆದುಕೊಂಡು ಹೋದಳು. ಮೊಣಕಾಲೆತ್ತರದ ಮುಳ್ಳುಬೇಲಿಯ ಆಚೆ ಪೈರು ಹಸಿರಾಗಿ ನಿಂತಿತ್ತು. ಈಚೆ ಐದು ಗಿಡ್ಡ ದನಗಳು ತಲೆ ತಗ್ಗಿಸಿ ಒರಟು ಹುಲ್ಲು ಮೇಯುತ್ತಿದ್ದವು. ಜಟ್ಟಪ್ಪ ಬಹಳ ಹೊತ್ತು ನೋಡಿದ. ಒಂದೂ ಪೈರಿನ ಕಡೆ ಮೂತಿ ಎತ್ತಲಿಲ್ಲ.

"ಎಂಥಾ ತಳಿ ಕೊಟ್ರಿ ಮಾರಾಯ್ರೇ," ಎಂದಳು ತುಂಗಮ್ಮ. "ಇವುಗಳಿಂದಾಗಿ ಒಂದು ದಿನ ಒಬ್ಬರ ಹತ್ರ ಬೈಗುಳ ಕೇಳಿದವಳಲ್ಲ ನಾನು. ಹೇಗೆ ಆರಿಸಿದ್ರಿ?"

ಆರಿಸಿದ್ದಲ್ಲ, ಬಡಕಲೆಂದು ದಾಟಿಸಿದ್ದು ಎಂದು ಹೇಳಲು ಬಾಯಿ ತೆರೆದ. ಭಾಗ್ಯ ಮೊಣಕೈಯಿಂದ ತಿವಿದಳು.

"ಹಾಗೇ… ಅಂದಾಜಿನ ಮೇಲೆ," ಎಂದ.

"ಇವುಗಳ ಅಜ್ಜಿ ನೆನಪುಂಟಾ ನಿಮಗೆ? ನಿಮ್ಮಲ್ಲಿ ಎಂತ ಹೆಸರು ಕರೀತಿದ್ರಿ ಅದನ್ನ?"

ಜಟ್ಟಪ್ಪ ಕಣ್ಣು ಮುಚ್ಚಿ ಹುಡುಕಿದ. ಕಾಳಿ ಬಂತು, ಮಿಂಚಿ ಬಂತು, ಕೊಂಬಿ ಬಂತು. ಊರು ಹಾಳು ಮಾಡಿದ ಒಂದೊಂದರ ಮುಖವೂ ಸರಿಯಾಗಿ ಬಂತು. ಸುಮ್ಮನೆ ಮೇಯ್ದು, ಹೊತ್ತಿಗೆ ಸರಿಯಾಗಿ ಮನೆಗೆ ಬಂದು, ಒಂದು ದಿನ ಹಗ್ಗ ಹಾಕಿದಾಗ ಸುಮ್ಮನೆ ನಡೆದುಹೋದ ಆ ದನ ಮಾತ್ರ ಎಷ್ಟು ಹುಡುಕಿದರೂ ಬರಲಿಲ್ಲ.

"ಇಲ್ಲಮ್ಮಾ," ಎಂದ. "ಹೆಸರು ಇಟ್ಟಿದ್ನೋ ಇಲ್ವೋ ಅಂತಲೂ ಗೊತ್ತಿಲ್ಲ. ನಿಮ್ಮ ಇವುಗಳಿಗೆ ಎಂತ ಹೆಸರು?"

ತುಂಗಮ್ಮ ಬೆರಳು ಮಾಡಿ ಹೇಳತೊಡಗಿದಳು. ಗಂಗೆ, ಬೆಳ್ಳಿ, ಚುಕ್ಕಿ, ಆಚೆ ಕೂತದ್ದು ಪುಟ್ಟಿ, ಗಬ್ಬದ್ದು ಲಚ್ಚಿ. ಜಟ್ಟಪ್ಪ ಒಂದೊಂದನ್ನೂ ಅವಳ ಹಿಂದೆಯೇ ಮೆಲ್ಲಗೆ ಹೇಳಿಕೊಂಡ. ಮೂರನೆಯದಕ್ಕೆ ತಪ್ಪಿದಾಗ, ಮತ್ತೊಮ್ಮೆ ಹೇಳಿ ಎಂದ.