ಪ್ಲಾಸ್ಟಿಕ್ ಹುಲ್ಲಿನ ಮೇಲೆ ಚರಗ

ಎಳ್ಳಮಾಸಿಯ ದಿನ ಹಾಲಿನವನು ಬಾಗಿಲು ತಟ್ಟುವ ಮೊದಲೇ ಕಾಶವ್ವ ಲಿಂಗಪೂಜೆ ಮುಗಿಸಿ, ಸಜ್ಜಿ ರೊಟ್ಟಿ ಬಡಿದು, ಕಡಬು ಕುದಿಸಿ, ಭಜ್ಜಿ ಪಲ್ಯ ಮಾಡಿ ಬುತ್ತಿ ಕಟ್ಟಿದಳು. ವಿಜಯಪುರ ಬಿಟ್ಟು ಡೊಂಬಿವಿಲಿಗೆ ಬಂದು ಮೂವತ್ತೊಂದು ವರ್ಷವಾದರೂ ಆ ದಿನ ಹೊಲದಲ್ಲಿ ಚರಗ ಚೆಲ್ಲದೆ ತುತ್ತು ಬಾಯಿಗಿಟ್ಟವಳಲ್ಲ. ಪೈರು ಹೊತ್ತ ಭೂಮಿತಾಯಿ ಬಸುರಿ. ಆಕೆಯ ಬಯಕೆಗೆಂದು ಅಡುಗೆಯನ್ನೆಲ್ಲ ಕಲಸಿ ಹೊಲದ ತುಂಬ ಚೆಲ್ಲಬೇಕು, ಆಮೇಲೆ ಮನೆಮಂದಿ ಉಣ್ಣಬೇಕು. ಇಲ್ಲಿ ಹೊಲವೆಂದರೆ ರೈಲು ಹಳಿಯ ಪಕ್ಕ ಉತ್ತರದ ಕಡೆಯ ಒಬ್ಬ ಭಯ್ಯಾ ಬೆಳೆಯುತ್ತಿದ್ದ ಮೆಂತ್ಯದ ಮಡಿ. ಅವಳಿಗೆ ಅಷ್ಟೇ ಸಾಕಾಗಿತ್ತು. ಮಳೆಗಾಲ ಕಳೆದ ಮೇಲೆ ಆ ಮಡಿಯ ಸುತ್ತ ತಗಡು ಎದ್ದು, ಒಳಗೆ ಪಾಯ ತೋಡಿಬಿಟ್ಟರು.

ಸೊಸೆ ಮಲ್ಲಿಕಾಳ ತಂಗಿ ನಾಗವೇಣಿ ಇಂಗ್ಲೆಂಡಿನಲ್ಲಿದ್ದಳು. ಭಾನುವಾರ ಬಂತೆಂದರೆ ಗಂಡ ಮಕ್ಕಳೊಂದಿಗೆ ಯಾವುದೋ ಹಳ್ಳಿಗೆ ಹೋಗಿ ಫೋಟೋ ಕಳಿಸುವಳು. ಜೇನುಬಣ್ಣದ ಕಲ್ಲಿನ ಮನೆ, ಹುಲ್ಲಿನ ಚಾವಣಿ, ಮನೆ ಮುಂದೆ ಹರಿಯುವ ಹಳ್ಳ. ಅದನ್ನು ನೋಡಿ ನೋಡಿ ಮಲ್ಲಿಕಾಳ ಹೊಟ್ಟೆಯಲ್ಲಿ ಕಿಚ್ಚು. ಖಾರಘರದ ಗುಡ್ಡದಾಚೆ ಯಾರೋ ಅಂಥದೇ ‘ಇಂಗ್ಲಿಷ್ ಹಳ್ಳಿ’ ಕಟ್ಟಿದ್ದಾರೆಂದು ತಿಳಿದದ್ದೇ ತಡ, ಹೊರಟೇಬಿಟ್ಟಳು. ಅದೇ ಭಾನುವಾರ ಅಮಾಸಿ.

“ಅಲ್ಲಿ ಹೊಲಾ ಐತೇನೋ ಅಂಬರೀಶಾ?” ಎಂದು ಕಾಶವ್ವ ಮಗನನ್ನು ಕೇಳಿದಳು.

“ಹಳ್ಳಿ ಅಂದಮ್ಯಾಲ ಹೊಲಾ ಇರಲಾರ್ದ ಹೋಗ್ತದೇನ್ ಯವ್ವಾ!” ಎಂದ, ಮೊಬೈಲಿನಿಂದ ತಲೆಯೆತ್ತದೆ.

ಬಾಗಿಲಲ್ಲಿ ಕೆಂಪು ಕೋಟಿನ ಕಾವಲುಗಾರ, “ಬಾಹರ್ ಕಾ ಖಾನಾ ಅಲೌಡ್ ನಹೀ” ಎಂದು ತಿನಿಸು ಹುಡುಕುತ್ತ ಚೀಲಗಳಿಗೆ ಕೈಹಾಕುತ್ತಿದ್ದ. ಕಾಶವ್ವ ಬುತ್ತಿಯನ್ನು ಸೆರಗಿನೊಳಗೆ ಹೊಟ್ಟೆಗೆ ಅವುಚಿಕೊಂಡು, ಸೊಂಟ ಹಿಡಿದವಳಂತೆ ಕುಂಟುತ್ತ ಒಳಗೆ ದಾಟಿದಳು. ಮೊಮ್ಮಗಳು ಪ್ರಣೀತಾ ನಗು ತಡೆಯಲಾರದೆ, “ಆಯೀ, ಕ್ಯಾ ಆ್ಯಕ್ಟಿಂಗ್ ಹೈ!” ಎಂದಳು.

ಒಳಗೆ ಎರಡು ಸಾಲು ಮನೆ. ಕಾಶವ್ವ ಒಂದರ ಗೋಡೆ ಬೆರಳಲ್ಲಿ ತಟ್ಟಿ ನೋಡಿದಳು. ಟೊಳ್ಳು. ಕಲ್ಲಲ್ಲ, ಥರ್ಮಾಕೋಲಿಗೆ ಬಣ್ಣ. ಮೂಲೆಯಲ್ಲಿ ಗುಟಕಾ ಉಗುಳಿ ಕೆಂಪಾಗಿತ್ತು. ಮನೆ ಮುಂದಿನ ಹಳ್ಳದ ನೀರು ಪಾಚಿಗಟ್ಟಿ, ಚಿಪ್ಸಿನ ಪೊಟ್ಟಣದ ಜೊತೆ ಕೂಸಿನ ಹೇಸಿಗೆಯ ಲಂಗೋಟಿಯೊಂದು ಉಬ್ಬಿ ತೇಲುತ್ತಿತ್ತು. ಪಕ್ಕದಲ್ಲಿ ಫೈಬರಿನ ಆಕಳು, ಗುಂಡಿ ಒತ್ತಿದರೆ ‘ಅಂಬಾ’ ಅನ್ನುತ್ತದೆ. ಸಗಣಿಯ ಒಂದು ಚೂರೂ ಎಲ್ಲಿಯೂ ಇಲ್ಲ. ಬೇಲಿಯ ಬಟ್ಟೆಹೂಗಳಿಗೆ ಒಬ್ಬ ಅತ್ತರು ಸಿಂಪಡಿಸುತ್ತ ಹೋಗುತ್ತಿದ್ದ. ಆ ಸಿಹಿ ವಾಸನೆಯೂ ಹಳ್ಳದ ನಾತವೂ ಕೂಡಿ ಬಂದಾಗ ಕಾಶವ್ವ ಮುಖ ತಿರುಗಿಸಿದಳು. ‘ಶಿವನೇ, ಇಂಥ ಹೊಲಸಿಗೂ ಟಿಕೀಟೇ’ ಎಂದುಕೊಂಡಳು.

ಆದರೂ ಮನೆಗಳ ಹಿಂದೆ ಮೊಣಕಾಲುದ್ದ ಹಸಿರು ಕಂಡಿತು. ಅವಳಿಗೆ ಜೀವ ಬಂದಂತಾಯಿತು. ಮಗ ಸೊಸೆ ಫೋಟೋದಲ್ಲಿ ಮುಳುಗಿದ್ದಾಗ ಮೆಲ್ಲಗೆ ಅತ್ತ ಸರಿದಳು. ಪಾಂಡವರೆಂದು ಪೂಜಿಸಲು ಐದು ಹರಳುಕಲ್ಲು ಬೇಕು. ಹಾದಿಯಂಚಿನದೊಂದಕ್ಕೆ ಕೈಹಾಕಿದರೆ ಏಳಲೊಲ್ಲದು, ಅಂಟು ಹಾಕಿ ಕೂರಿಸಿದ್ದರು. ಇರಲಿ ಎಂದು ಕಣ್ಣು ಮುಚ್ಚಿ ಕೈಮುಗಿದು, ಕಡಬು ರೊಟ್ಟಿ ಪಲ್ಯ ಕಲಸಿ, “ಹುಲ್ಲುಲ್ಲಿಗೋ...” ಎಂದು ಚರಗದ ಕೂಗು ಹಾಕಿ ಚೆಲ್ಲಿದಳು. ಬಿದ್ದ ಚರಗ ನೆಲ ಮುಟ್ಟಲಿಲ್ಲ. ಗರಿಗಳ ತುದಿಯಲ್ಲಿ ಹಾಗೇ ನಿಂತು ನಡುಗಿತು. ಬಗ್ಗಿ ಮುಟ್ಟಿದಳು. ಪ್ಲಾಸ್ಟಿಕ್. ಗರಿ ಸರಿಸಿದರೆ ಕೆಳಗೆ ರಬ್ಬರಿನ ಚಾಪೆ, ಅದರಡಿ ಕಾಂಕ್ರೀಟು. ಸತ್ತವರ ಬಾಯಿಗೆ ತುತ್ತಿಟ್ಟಂತಾಗಿ ಮೈ ಜುಮ್ಮೆಂದಿತು.

“ಯವ್ವಾ, ಯಾ ಕಡಿಯವರ್ರೀ ನೀವು?”

ಬಿಳಿ ಜಾಲರಿ ಟೊಪ್ಪಿಗೆ, ಕಪ್ಪು ಫ್ರಾಕು, ಕೈಯಲ್ಲಿ ಕಸಬರಿಗೆ. ಮುಖ ಮಾತ್ರ ಸುರಪುರದ ಕಡೆಯದು. ಹೆಸರು ಸಾಬವ್ವ ಎಂದಳು.

“ಈಗ ಹುಲ್ಲುಲ್ಲಿಗೋ ಅಂದ್ರಲ್ಲ, ಎದಿ ಝಲ್ ಅಂತ್ರೀ. ಆದ್ರ ಸೂಪರ್‌ವೈಜರ್ ನೋಡಿದ್ರ ನನ್ನ ಪಗಾರ್ ಕಟ್ ಮಾಡ್ತಾನ. ಬಳೀತೀನ್ರೀ, ಬೈಬ್ಯಾಡ್ರಿ.”

“ಕಸಬರಿಗಿ ಮುಟ್ಟಿಸಬ್ಯಾಡ ತಂಗಿ. ನಾನಽ ಎತ್ತತೀನಿ.” ಮೊಣಕಾಲೂರಿ ಒಂದೊಂದೇ ಚೂರು ಹೆಕ್ಕಿ ಸೆರಗಿಗೆ ಹಾಕಿಕೊಂಡಳು. “ಇಷ್ಟು ದೊಡ್ಡ ಹಳ್ಳ್ಯಾಗ ಒಂದು ಹಿಡಿ ಮಣ್ಣಿಲ್ಲೇನ?”

ಸಾಬವ್ವ ಅತ್ತಿತ್ತ ನೋಡಿದಳು. “ಹಿಂದ ಐತ್ರೀ. ನೋಡೂ ಹಂಗಿಲ್ಲ.”

ಟೊಳ್ಳು ಗೋಡೆಗೆ ಹಿಂದಿನಿಂದ ಆನಿಸಿದ ಬಿದಿರು ಗೂಟಗಳ ಸಂದಿಯಲ್ಲಿ ದಾಟಿದರೆ ಗಟಾರ. ಹೋಟೆಲಿನ ಕೊಳೆತ ಅನ್ನ, ಎಲುಬು, ಮುಸುರೆ ಮೇಲೆ ಮೇಲೆ ಬಿದ್ದು ಬಿಳಿ ಹುಳು ಮಿಜಿಮಿಜಿ ಅನ್ನುತ್ತಿದ್ದವು. ಕಾಲಡಿಯಿಂದ ಹೆಗ್ಗಣವೊಂದು ಸರಿದು ಹೋಯಿತು. ಕಾಶವ್ವ ಸೆರಗಿನ ತುದಿಯಿಂದ ಮೂಗು ಮುಚ್ಚಿದಳು. ಕಸದ ದಂಡೆಯಲ್ಲಿ ಮಾತ್ರ ತಾನಾಗಿ ಎದ್ದ ಕುಂಬಳಬಳ್ಳಿಯೊಂದು ಹಳದಿ ಹೂ ಬಿಟ್ಟು ಮಲಗಿತ್ತು. ಬುಡದಲ್ಲಿ ಕರಿ ಮಣ್ಣು.

“ಛೀ... ಇಲ್ಲೇನ ತಾಯೀ ನೀನು?” ಎಂದಳು.

ಚರಗಕ್ಕೆ ಎರಡೂ ಕೈ ಬೇಕು. ಮೂಗು ಬಿಟ್ಟಳು. ಪ್ಲಾಸ್ಟಿಕ್ಕಿನಿಂದ ಹೆಕ್ಕಿದ್ದು ಭೂಮಿತಾಯಿಗೆ ಸಲ್ಲುವಂಥದ್ದಲ್ಲವೆಂದು ದಂಡೆಗಿಟ್ಟು, ಬುತ್ತಿಯಿಂದ ಹೊಸದು ಕಲಸಿದಳು. “ಹುಲ್ಲುಲ್ಲಿಗೋ...” ಎನ್ನುತ್ತ ಬಳ್ಳಿಯ ಸುತ್ತ ಚೆಲ್ಲಿದಳು. ಸಾಬವ್ವ ಟೊಪ್ಪಿಗೆ ತೆಗೆದು ದನಿಗೂಡಿಸಿದಳು. ಮಣ್ಣು ಚರಗವನ್ನು ಹಿಡಿದುಕೊಂಡಿತು. ಕಾಶವ್ವ ಮಣ್ಣಿಗೆ ಕೈಯೂರಿ ನಮಸ್ಕರಿಸಿ, ಉಳಿದ ಕಡಬು ರೊಟ್ಟಿಯನ್ನು ಸಾಬವ್ವನ ಉಡಿಗೆ ಹಾಕಿ, “ಉಣ್ಣವ್ವಾ. ನನಗಿಲ್ಲಿ ತುತ್ತು ಇಳಿಯಂಗಿಲ್ಲ” ಎಂದಳು.

ಮರಳಿ ಮನೆಗಳ ಮುಂದಕ್ಕೆ ಬಂದರೆ ಮಲ್ಲಿಕಾ ಕೂಗುತ್ತಿದ್ದಳು. “ಅತ್ತೀ, ಎಲ್ಲಿ ಹೋಗಿದ್ರಿ? ಬರ್ರಿ, ನಾಗೂಗ ಫೋಟೋ ಕಳಸೂದೈತಿ!” ಕಾಶವ್ವನನ್ನು ಟೊಳ್ಳು ಮನೆಯ ಮುಂದೆ ನಿಲ್ಲಿಸಿದರು. ಅತ್ತರಿನವನು ಮತ್ತೆ ಬುಸ್ಸೆಂದು ಹಾದುಹೋದ.

ಸಂಜೆ ಖಾರಘರದ ಗುಡ್ಡ ದಾಟುವಾಗ ಮಲ್ಲಿಕಾ ಫೋಟೋ ತೆಗೆದು ನೋಡಿ ಹಣೆ ಬಡಿದುಕೊಂಡಳು. ಎಲ್ಲರೂ ಹಲ್ಲು ಕಿರಿದಿದ್ದಾರೆ. ಕಾಶವ್ವ ಒಬ್ಬಳೇ ಮಣ್ಣುಗೈಯಿಂದ ಮೂಗು ಮುಚ್ಚಿಕೊಂಡಿದ್ದಾಳೆ.

“ಅತ್ತೀನ್ನ ಕತ್ತರಿಸಿ ಕಳಸ್ತೀನ್ರಿ” ಎಂದಳು ಗಂಡನಿಗೆ.

“ಕಳಸವ್ವಾ, ಭೇಷ್ ಆತು” ಎಂದು ಕಾಶವ್ವ ಕಿಟಕಿಯ ಗಾಜು ಇಳಿಸಿದಳು.