ಬಿಳಿ ರಕ್ತಕಣಗಳಿಗೆ ಡ್ರಿಲ್

ಕೋಳಿರೋಗ ಸಂಶೋಧನಾಲಯದಲ್ಲಿ ಕೆಲಸ ಮಾಡುತ್ತಿದ್ದ ಅವಳನ್ನು ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದರು. ಮೊಟ್ಟೆಯೊಡೆದು ಬಂದ ಹೊಸತರಲ್ಲೇ ಬ್ಯಾಕ್ಟೀರಿಯಾ ತಗುಲಿದರೆ ಮರಿಗಳು ಯಾಕೆ ಅಷ್ಟು ಬೇಗ ಸಾಯುತ್ತವೆ ಎಂಬುದು ಅವಳ ತಲೆ ತಿನ್ನುತ್ತಿದ್ದ ಪ್ರಶ್ನೆ. ಮರಿಯ ರಕ್ತದ ಹನಿಯನ್ನು ಗಾಜಿನ ಮೇಲಿಟ್ಟು, ಅದಕ್ಕೆ ಬ್ಯಾಕ್ಟೀರಿಯಾ ಬಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಳು. ವಾರ ತುಂಬಿದ ಮರಿಯ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾವನ್ನು ಸುತ್ತುವರಿದು ನುಂಗಿ ಅರಗಿಸಿಕೊಳ್ಳುತ್ತಿದ್ದವು. ಆಗಷ್ಟೇ ಹುಟ್ಟಿದ ಮರಿಯ ಕಣಗಳು ಹತ್ತಿರಕ್ಕೇನೋ ಹೋಗುತ್ತಿದ್ದವು. ಆಮೇಲೆ ಬೀಗರ ಮನೆಗೆ ಮೊದಲ ಸಲ ಹೋದವರಂತೆ ಏನು ಮಾಡಬೇಕೆಂದು ತೋಚದೆ ನಿಂತುಬಿಡುತ್ತಿದ್ದವು.

ಅವಳು ಇದನ್ನು ಸಾಹೇಬರಿಗೆ ತೋರಿಸಿದಳು. ಸಂಶೋಧನಾಲಯದ ಮುಖ್ಯಸ್ಥರಾದ ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ, ಇದು ಶಿಸ್ತಿನ ಕೊರತೆ ಎಂದು ತೀರ್ಮಾನಿಸಿದರು. ಕಣಗಳು ಇನ್ನೂ ಬಲಿತಿಲ್ಲ, ಅಷ್ಟೇ ಎಂದು ಡಾಕ್ಟರಮ್ಮ ಹೇಳಿದ್ದು ಅವರ ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಟುಹೋಯಿತು.

ಮರುದಿನವೇ ಮರಿಗಳಿಗೆ ಶಿಸ್ತು ಕಲಿಸಲೆಂದು ಸಾಹೇಬರ ಸೋದರತ್ತೆ ಬಂದರು. ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿ ನಿವೃತ್ತರಾಗಿದ್ದವರು. ಕಾವಿನ ದೀಪದ ಕೆಳಗೆ ಮರಿಗಳನ್ನು ಸಾಲಾಗಿ ನಿಲ್ಲಿಸಲು ನೋಡಿದರು. ಅವು ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟಿನ ಮೇಲೆ ಚೆಲ್ಲಾಪಿಲ್ಲಿಯಾದವು, ಒಂದು ಅವರ ಬೂಟಿನ ಮೇಲೆಯೇ ನಿದ್ದೆ ಹೋಯಿತು. ಒಂದನೇ ಕ್ಲಾಸಿನ ಮಕ್ಕಳು ಇದಕ್ಕಿಂತ ಕಡೆ ಎಂದು ಟೀಚರ್ ಸಮಾಧಾನ ಮಾಡಿಕೊಂಡು, ದಿನವೂ ಸೀಟಿ ಊದಿ ಎಡ-ಬಲ ಹೇಳಿಕೊಟ್ಟರು.

ವಾರ ಕಳೆದ ಮೇಲೆ ಅದೇ ಮರಿಗಳ ಕಣಗಳು ಬ್ಯಾಕ್ಟೀರಿಯಾವನ್ನು ಗಬಗಬ ನುಂಗಿದವು. ಸಾಹೇಬರು ಹಿಗ್ಗಿ ಹೀರೇಕಾಯಿಯಾದರು. ವಾರ ತುಂಬಿದ್ದರಿಂದ ನುಂಗಿದವು ಎಂದು ತೋರಿಸಲು ಡಾಕ್ಟರಮ್ಮ ಬೇರೆ ಮರಿಗಳನ್ನು ಪಕ್ಕದ ಕೋಣೆಯಲ್ಲಿ ಡ್ರಿಲ್ ಇಲ್ಲದೆ ಸಾಕಿದಳು. ಅವೂ ನುಂಗಿದವು. ಗೋಡೆಯಾಚೆಯಿಂದ ಕೇಳಿಸಿಕೊಂಡು ಕಲಿತಿವೆ ಎಂದರು ಸಾಹೇಬರು. ಅವಳು ಹಟಕ್ಕೆ ಬಿದ್ದು ಇನ್ನಷ್ಟು ಮರಿಗಳನ್ನು ತನ್ನ ಮನೆಯ ಬಚ್ಚಲುಮನೆಯಲ್ಲಿ ಸಾಕಿದಳು. ಗಂಡ ಪಾಪ, ಟವೆಲ್ ಹೆಗಲ ಮೇಲೆ ಹಾಕಿಕೊಂಡು ಅಣ್ಣನ ಮನೆಗೆ ಸ್ನಾನಕ್ಕೆ ಹೋಗುತ್ತಿದ್ದ. ಆ ಮರಿಗಳ ಕಣಗಳೂ ನುಂಗಿದವು.

"ನೀವು ದಿನಾ ಇಲ್ಲಿಂದ್ಲೇ ಮನೆಗೆ ಹೋಗ್ತೀರಲ್ಲ," ಎಂದರು ಸಾಹೇಬರು. "ನಿಮ್ಮನ್ನ ನೋಡಿ ಕಲಿತಿರ್ತವೆ. ನೀವೂ ಸರಿಯಾಗಿ ಡ್ರಿಲ್ ಕಲಿತ್ಕೊಂಡ್ರೆ ಇನ್ನೂ ಒಳ್ಳೇದು."

ಹೀಗೆ ಡಾಕ್ಟರಮ್ಮ ಮರಿಗಳ ನಡುವೆ ನಿಂತು ಕೈ ಮೇಲೆತ್ತಿ ಇಳಿಸುವ ಹಾಗಾಯಿತು. ಸಿಟ್ಟು, ನಾಚಿಕೆ ಎರಡೂ ಒಟ್ಟಿಗೆ ಬಂದು ಕಣ್ಣು ತುಂಬಿದವು. ಟೀಚರ್ ಅದನ್ನು ಗಮನಿಸಿದರು. ಡ್ರಿಲ್ ನಿಲ್ಲಿಸಿ, ತನಗೂ ಒಮ್ಮೆ ಆ ಕಣ ತೋರಿಸೆಂದು ಕೇಳಿದರು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಉಸಿರು ಬಿಗಿಹಿಡಿದು ನೋಡಿದರು.

"ಇದಕ್ಕೆ ಕಿವಿ ಎಲ್ಲಮ್ಮ?"

"ಇಲ್ಲ ಟೀಚರ್."

"ಕಾಲು?"

"ಅದೂ ಇಲ್ಲ. ಮೈಯನ್ನೇ ಮುಂದೆ ಚಾಚಿಕೊಂಡು ಹೋಗುತ್ತೆ."

"ಮತ್ತೆ ನಾನು ಎಡ ಬಲ ಅಂತ ಗಂಟಲು ಹರ್ಕೊಂಡಿದ್ದು?"

ಟೀಚರ್ ಕುರ್ಚಿ ಎಳೆದು ಕುಳಿತು, ಹಾಗಾದರೆ ಮರಿಗಳಿಗೆ ನಿಜವಾಗಿ ಬೇಕಾದದ್ದೇನು ಎಂದು ಕೇಳಿದರು. ಒಳಗಿನ ಕಾವಲು ಗಟ್ಟಿಯಾಗುವ ತನಕ ಹೊರಗಿನ ಕೊಳಕು ಒಳಗೆ ಬರಬಾರದು ಎಂದು ಅವಳು ಬಿಡಿಸಿ ಹೇಳಿದಳು.

ಅಂದಿನಿಂದ ಟೀಚರ್ ಮರಿಗಳ ಕೋಣೆಯ ಬಾಗಿಲಲ್ಲೇ ಬೀಡುಬಿಟ್ಟರು. ಚಪ್ಪಲಿ ಬದಲಿಸದವರಿಗೆ, ಸೋಪು ಹಚ್ಚಿ ಕೈ ತೊಳೆಯದವರಿಗೆ ಒಳಗೆ ಪ್ರವೇಶವಿಲ್ಲ. ಸಾಹೇಬರು ಉಗುರು ಕತ್ತರಿಸಿಕೊಳ್ಳಲೆಂದು ವಾಪಸು ಹೋಗಬೇಕಾಯಿತು. ಸಾಯುವ ಮರಿಗಳು ಕಡಿಮೆಯಾದವು. ಶಿಸ್ತು ಎಂದರೆ ಇದೇ ಎಂದು ಸಾಹೇಬರು ಸಿಕ್ಕಸಿಕ್ಕವರಿಗೆಲ್ಲ ಹೇಳಿದರು, ಡಾಕ್ಟರಮ್ಮ ವಾದಕ್ಕಿಳಿಯಲಿಲ್ಲ.

ಈಗ ಟೀಚರ್ ದಿನವೂ ಮಧ್ಯಾಹ್ನ ಅವಳ ಮೇಜಿನ ಬಳಿ ಬರುತ್ತಾರೆ, ಮೊಮ್ಮಗು ಉಂಡಿತೇ ಎಂದು ವಿಚಾರಿಸುವವರ ಹಾಗೆ.

"ಇವತ್ತೇನಾದ್ರೂ ನುಂಗಿತಾ?"

"ಒಂದನ್ನ ಅರ್ಧ ಒಳಗೆ ತಗೊಂಡು ಹಾಗೇ ಕೂತಿದೆ, ಟೀಚರ್."

"ಇರಲಿ ಬಿಡು," ಎನ್ನುತ್ತಾರೆ ಅವರು, ದನಿ ತಗ್ಗಿಸಿ. "ನಾವು ನೋಡ್ತಾ ಕೂತ್ರೆ ಅದಕ್ಕೂ ಸಂಕೋಚ ಆಗುತ್ತೆ."